ಪಿತ್ತದ ಹಿನ್ನೀರು

ಬೀಳಗಿ ತಾಲೂಕಿನ ಅನಗವಾಡಿಯು ಘಟಪ್ರಭಾ ನದಿಯ ದಂಡೆಯ ಮೇಲಿನ ಊರು. ಈ ನದಿಯು ಮುಂದೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಕೆಳಗೆ, ಆಲಮಟ್ಟಿಯ ಅಣೆಕಟ್ಟಿನಲ್ಲಿ ನೀರನ್ನು ತಡೆದು ನಿಲ್ಲಿಸಿದಾಗ, ಮುಂದೆ ಸಾಗಲಾರದ ನೀರು ಘಟಪ್ರಭೆಯ ಪಾತ್ರದಲ್ಲಿಯೂ ಹಿಂದಕ್ಕೆ ಏರಿ ದಂಡೆಯ ನೆಲವನ್ನು ಆವರಿಸುತ್ತದೆ. ಇದನ್ನೇ ಜನರು ಹಿನ್ನೀರು ಎನ್ನುತ್ತಾರೆ. ಮನುಷ್ಯನ ದೇಹದಲ್ಲಿಯೂ ಇಂತಹ ಹಿನ್ನೀರು ಉಂಟಾಗಬಲ್ಲದು. ಅದು ಕಣ್ಣಿಗೆ ಕಾಣುವುದಿಲ್ಲ. ಪ್ರಯೋಗಶಾಲೆಯಲ್ಲಿ ಅಳೆದೇ ಅದನ್ನು ತಿಳಿಯಬೇಕು.

ಯಕೃತ್ತು ಕೊಲೆಸ್ಟರಾಲಿನಿಂದ ಪಿತ್ತಾಮ್ಲಗಳನ್ನು ತಯಾರಿಸುತ್ತದೆ. ಇವು ಪಿತ್ತರಸದೊಡನೆ ಪಿತ್ತಕೋಶದಲ್ಲಿ ಶೇಖರವಾಗಿ, ಊಟವಾದ ಮೇಲೆ ಸಣ್ಣ ಕರುಳಿಗೆ ಇಳಿಯುತ್ತವೆ. ಅಂಟುವಾಳದ ನೊರೆಯು ಬಟ್ಟೆಯ ಜಿಡ್ಡನ್ನು ಬಿಡಿಸುವಂತೆ, ಪಿತ್ತಾಮ್ಲಗಳು ಆಹಾರದ ಎಣ್ಣೆ, ತುಪ್ಪಗಳನ್ನು ಸಣ್ಣ ಸಣ್ಣ ಕಣಗಳಾಗಿ ಒಡೆದು ಜೀರ್ಣಕ್ಕೆ ಅನುವು ಮಾಡಿಕೊಡುತ್ತವೆ. ಕೆಲಸ ಮುಗಿದ ಮೇಲೆ ಅವುಗಳಲ್ಲಿ ನೂರಕ್ಕೆ ಸುಮಾರು 95 ಪಾಲು ಕರುಳಿನಿಂದ ಹೀರಲ್ಪಟ್ಟು ಮರಳಿ ಯಕೃತ್ತನ್ನು ಸೇರುತ್ತವೆ. ದೇಹದ ಉಳಿದ ಭಾಗಗಳಲ್ಲಿ ಹರಿಯುವ ರಕ್ತಕ್ಕೆ ತಪ್ಪಿಸಿಕೊಂಡು ಬರುವುದು ಅತ್ಯಲ್ಪ. ಆದರೆ ಪಿತ್ತದ ಹರಿವು ಮಂದವಾದರೆ ಪಿತ್ತಾಮ್ಲಗಳು ಹಿಮ್ಮೆಟ್ಟಿ ರಕ್ತವನ್ನು ತುಂಬಿಕೊಳ್ಳುತ್ತವೆ.

ಈ ತೊಂದರೆಯು ಕೆಲವು ಗರ್ಭಿಣಿಯರಲ್ಲಿ, ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ, ಕಾಣಿಸಿಕೊಳ್ಳುತ್ತದೆ. ಅಂಗೈ ಅಂಗಾಲುಗಳಲ್ಲಿ ತಡೆಯಲಾರದ ನವೆ ಹುಟ್ಟುತ್ತದೆ; ರಾತ್ರಿ ಅದು ಹೆಚ್ಚುತ್ತದೆ. ಚರ್ಮದ ಮೇಲೆ ಗುಳ್ಳೆಯಾಗಲಿ ಹುಣ್ಣಾಗಲಿ ಎದ್ದಿರುವುದಿಲ್ಲ. ಮನೆಯ ಹಿರಿಯರು ಉಷ್ಣವೆಂದು ಬಗೆದು ಔಡಲೆಣ್ಣೆ ಹಚ್ಚಿ ಸುಮ್ಮನಿರುವುದುಂಟು. ಎಲ್ಲ ನವೆಯೂ ಅಪಾಯಕಾರಿಯಲ್ಲ. ಆದರೆ ಯಾವುದು ಬರಿಯ ನವೆ, ಯಾವುದು ಗರ್ಭದ ಶಿಶುವಿಗೆ ಕುತ್ತು ತರುವಂತಹದು ಎಂಬುದನ್ನು ಕೈಯಿಂದ ಮುಟ್ಟಿ ಹೇಳಲು ಬಾರದು. ಅದಕ್ಕೆ ಅಳತೆಯೇ ಬೇಕು.

ಅಳೆಯಬೇಕಾದ ವಸ್ತುವಾದರೋ ಅತಿ ಸ್ವಲ್ಪ. ಆರೋಗ್ಯವಂತರು ಹಸಿದಿರುವಾಗ ಅವರ ರಕ್ತದ ಸೀರಂನಲ್ಲಿ ಪಿತ್ತಾಮ್ಲವು ಲೀಟರಿಗೆ 10 ಮೈಕ್ರೊಮೋಲಿಗಿಂತ ಕಡಿಮೆ ಇರುತ್ತದೆ. ಎಂದರೆ ಒಂದು ಲೀಟರಿನಲ್ಲಿ ನಾಲ್ಕೈದು ಮಿಲಿಗ್ರಾಂ ಮಾತ್ರ. 1844ರಲ್ಲಿ ಜರ್ಮನಿಯ ಪೆಟೆನ್‌ಕೋಫರ್ ಎಂಬ ವಿಜ್ಞಾನಿಯು, ಪಿತ್ತಕ್ಕೆ ಸಕ್ಕರೆಯನ್ನೂ ಪ್ರಬಲ ಗಂಧಕಾಮ್ಲವನ್ನೂ ಸೇರಿಸಿದರೆ ನೇರಳೆಗೆಂಪು ಬಣ್ಣ ಬರುವುದನ್ನು ತೋರಿಸಿದನು. ಆದರೆ ಬೇರೆ ಕೆಲವು ವಸ್ತುಗಳೂ ಅಂತಹದೇ ಬಣ್ಣವನ್ನು ಕೊಡುತ್ತವೆ. ಆದ್ದರಿಂದ ರಕ್ತದಲ್ಲಿನ ಅಲ್ಪ ಪ್ರಮಾಣವನ್ನು ಅಳೆಯಲು ಆ ವಿಧಾನ ಸಾಲದಾಯಿತು.

ಇಂದು ಆಸ್ಪತ್ರೆಗಳ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿರುವುದು ಕಿಣ್ವದ ವಿಧಾನ. ಮೊದಲು ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು, ವೇಗವಾಗಿ ತಿರುಗುವ ಯಂತ್ರದಲ್ಲಿಟ್ಟು, ಮೇಲೆ ನಿಲ್ಲುವ ತಿಳಿಹಳದಿ ದ್ರವವನ್ನು ಬೇರ್ಪಡಿಸುತ್ತಾರೆ. ಇದೇ ಸೀರಂ. ಇದಕ್ಕೆ ಪಿತ್ತಾಮ್ಲವನ್ನು ಗುರುತಿಸಿ ಹಿಡಿಯುವ ಕಿಣ್ವವೊಂದನ್ನೂ ಎರಡು ಸಹಕಿಣ್ವಗಳನ್ನೂ ಬೆರೆಸುತ್ತಾರೆ. ಒಂದು ಸಹಕಿಣ್ವದ ನೆರವಿನಿಂದ ಪಿತ್ತಾಮ್ಲವು ರೂಪ ಬದಲಿಸುತ್ತದೆ. ಇನ್ನೊಂದರ ನೆರವಿನಿಂದ ಮೊದಲಿನ ರೂಪಕ್ಕೆ ಮರಳುತ್ತದೆ. ಕಪಿಲೆ ಬಾವಿಯ ಎತ್ತುಗಳು ಮುಂದಕ್ಕೂ ಹಿಂದಕ್ಕೂ ನಡೆದು ಪ್ರತಿ ಸಲವೂ ಒಂದೊಂದು ಚೀಲ ನೀರನ್ನು ಸುರಿಯುವಂತೆ, ಪಿತ್ತಾಮ್ಲದ ಒಂದೇ ಅಣುವು ಮತ್ತೆ ಮತ್ತೆ ಸುತ್ತಿ, ಪ್ರತಿ ಸುತ್ತಿಗೂ ಹಳದಿ ವಸ್ತುವಿನ ಒಂದು ಅಣುವನ್ನು ಉಂಟುಮಾಡುತ್ತದೆ. ಹೀಗೆ ಅಲ್ಪವು ಕಾಣುವಷ್ಟು ಬೆಳೆಯುತ್ತದೆ. 405 ನ್ಯಾನೊಮೀಟರ್ ಅಲೆಯುದ್ದದ ನೇರಳೆ ಬೆಳಕನ್ನು ದ್ರವದ ಮೂಲಕ ಹಾಯಿಸಿ, ಹಳದಿಯು ಎಷ್ಟು ಬೇಗ ಗಾಢವಾಗುವುದೆಂದು ಯಂತ್ರವು ನೋಡುತ್ತದೆ. ತಿಳಿದ ಪ್ರಮಾಣದ ಪಿತ್ತಾಮ್ಲವಿರುವ ದ್ರವದೊಡನೆ ಹೋಲಿಸಿದಾಗ ಉತ್ತರ ದೊರೆಯುತ್ತದೆ.

ಈ ವಿಧಾನವು ಎಲ್ಲ ಪಿತ್ತಾಮ್ಲಗಳ ಒಟ್ಟು ಮೊತ್ತವನ್ನು ಮಾತ್ರ ಹೇಳುತ್ತದೆ. ನವೆಯನ್ನು ತಗ್ಗಿಸಲು ಕೊಡುವ ಅರ್ಸೊಡಿಆಕ್ಸಿಕೋಲಿಕ್ ಆಮ್ಲವೆಂಬ ಔಷಧವೂ ಒಂದು ಪಿತ್ತಾಮ್ಲವೇ ಆದುದರಿಂದ ಅದೂ ಲೆಕ್ಕದಲ್ಲಿ ಸೇರಿಬಿಡುತ್ತದೆ. ಒಂದೊಂದನ್ನೂ ಬೇರೆಬೇರೆಯಾಗಿ ಅಳೆಯಲು ದ್ರವ ವರ್ಣರೇಖನ ಮತ್ತು ರಾಶಿ ರೋಹಿತಮಾಪನ ಎಂಬ ವಿಧಾನಗಳುಂಟು. ಅವಕ್ಕೆ ಬೆಲೆಬಾಳುವ ಯಂತ್ರಗಳೂ ನುರಿತ ಕೈಗಳೂ ಬೇಕು. ಊಟದ ಅನಂತರ ಪ್ರಮಾಣವು ತಾನಾಗಿಯೇ ಏರುವುದರಿಂದ, ರಕ್ತವನ್ನು ಯಾವಾಗ ತೆಗೆದರೆಂಬುದನ್ನೂ ಬರೆದಿಡುವುದು ಅವಶ್ಯ.

ಹೀಗೆ ದೊರೆತ ಅಂಕಿಯ ಬೆಲೆಯೇನು? ಈ ವ್ಯಾಧಿಯಿದ್ದ 5,000ಕ್ಕೂ ಹೆಚ್ಚು ಗರ್ಭಿಣಿಯರ ವಿವರಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಒಂದೇ ಶಿಶುವನ್ನು ಹೊತ್ತ ತಾಯಿಯ ರಕ್ತದಲ್ಲಿ ಪಿತ್ತಾಮ್ಲವು 100 ಮೈಕ್ರೊಮೋಲ್ ಅಥವಾ ಅದಕ್ಕೂ ಮಿಗಿಲಾದಾಗ, ಶಿಶುವು ಗರ್ಭದಲ್ಲಿಯೇ ಮರಣ ಹೊಂದುವ ಸಂಭವ ಹೆಚ್ಚುವುದೆಂದು ಅದರಿಂದ ತಿಳಿದುಬಂದಿತು. ಅದಕ್ಕಿಂತ ಕಡಿಮೆಯಿದ್ದ ಬಹುಪಾಲು ತಾಯಂದಿರ ಶಿಶುಗಳಿಗೆ ಇತರರಿಗಿಂತ ಹೆಚ್ಚಿನ ಅಪಾಯವಿರಲಿಲ್ಲ. ಆದ್ದರಿಂದ ಈ ಅಂಕಿಯು ಕೆಲವರಿಗೆ ಎಚ್ಚರಿಕೆ, ಹಲವರಿಗೆ ಧೈರ್ಯ. ಅದನ್ನು ನೋಡಿಯೇ ವೈದ್ಯರು ಹೆರಿಗೆಯನ್ನು ಅವಧಿಗೆ ಮುನ್ನ ಮಾಡಿಸಬೇಕೇ, ಕಾಯಬಹುದೇ ಎಂದು ನಿರ್ಧರಿಸುತ್ತಾರೆ.

ಅಣೆಕಟ್ಟಿನ ನೀರಿನ ಮಟ್ಟವನ್ನು ದಿನವೂ ಅಳೆಯುವುದರಿಂದಲೇ ದಂಡೆಯ ಊರುಗಳಿಗೆ ಮುನ್ಸೂಚನೆ ಕೊಡಲು ಸಾಧ್ಯ. ನವೆಯೆಂದು ಹೇಳಿಕೊಳ್ಳುವ ಗರ್ಭಿಣಿಯ ಮಾತನ್ನು ಮನೆಯವರು ಅಲಕ್ಷಿಸದೆ ಆಸ್ಪತ್ರೆಗೆ ಕರೆದೊಯ್ದರೆ, ಇನ್ನೂ ಹುಟ್ಟದ ಶಿಶುವಿಗೂ ಅಂತಹ ಮುನ್ಸೂಚನೆಯ ನೆರವು ದೊರೆಯುತ್ತದೆ.