ಉಂಡ ಮನೆಯ ಜಂತೆ ಎಣಿಸುವ ಸ್ಪರ್ಧೆ

ರಾತ್ರಿ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ನಮ್ಮ ಮನೆಗಳಲ್ಲಿ ಈಗ ಒಂದು ಹೊಸ ಅಭ್ಯಾಸ ಶುರುವಾಗಿದೆ. ಹೆಂಗಸರು, ಮಕ್ಕಳು ಒಟ್ಟಿಗೆ ಕೂತು ಟಿವಿಯಲ್ಲೋ ಮೊಬೈಲಿನಲ್ಲೋ ಅಡುಗೆ ಸ್ಪರ್ಧೆ ನೋಡುವುದು. ಹೊಟ್ಟೆ ತುಂಬಿರುತ್ತದೆ, ಆದರೂ ಯಾವುದೋ ದೇಶದ ಯಾರದೋ ಬಾಣಲೆಯಲ್ಲಿ ಏನು ಬೇಯುತ್ತಿದೆ ಎಂಬ ಕುತೂಹಲ. "ಎಂತದ್ದು ಇದು, ತಿನ್ನಲಿಕ್ಕೂ ಸಿಗುವುದಿಲ್ಲ, ಪರಿಮಳವೂ ಬರುವುದಿಲ್ಲ" ಎಂದು ಮೊದಮೊದಲು ತಮಾಷೆ ಮಾಡಿದವರು ನಾವೇ. ಆಮೇಲೆ ಮೆಲ್ಲಗೆ ನಾವೂ ಹಿಂದೆ ಹೋಗಿ ಕೂತೆವು.

ಕೂತ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಮಕ್ಕಳು ಜಗಳ ಮಾಡುವುದು ಅಡುಗೆಯ ಬಗ್ಗೆ ಅಲ್ಲ, ಅಂಕದ ಬಗ್ಗೆ. "ಅವಳು ಬೇಕೂಂತ ಕಮ್ಮಿ ಕೊಟ್ಟದ್ದು!" ಎಂದು ಒಬ್ಬಳು ಕೂಗಿದರೆ, "ಇವನು ಸಹ ಮೊನ್ನೆ ಹಾಗೆಯೇ ಮಾಡಿದ್ದಲ್ವಾ?" ಎಂದು ಇನ್ನೊಬ್ಬ. ಯೋಚಿಸಿದರೆ ಇದು ಸಣ್ಣ ಪ್ರಶ್ನೆಯಲ್ಲ. ಗೆಲ್ಲಲು ಬಂದವನ ಕೈಯಲ್ಲಿಯೇ ಎದುರಾಳಿಗೆ ಅಂಕ ಕೊಡುವ ಪೆನ್ನು ಕೊಟ್ಟರೆ ಏನಾಗುತ್ತದೆ?

ಅತಿಥಿಯೇ ತೀರ್ಪುಗಾರ

ಬ್ರಿಟನ್ನಿನ ಚಾನೆಲ್ 4ರಲ್ಲಿ 2005ರಲ್ಲಿ 'ಕಮ್ ಡೈನ್ ವಿತ್ ಮಿ' ಎಂಬ ಕಾರ್ಯಕ್ರಮ ಆರಂಭವಾಯಿತು. ಪರಸ್ಪರ ಪರಿಚಯವೇ ಇಲ್ಲದ ನಾಲ್ಕೋ ಐದೋ ಮಂದಿ. ಒಂದೊಂದು ರಾತ್ರಿ ಒಬ್ಬೊಬ್ಬರ ಮನೆಯಲ್ಲಿ ಊಟ. ಉಂಡವರು ಮನೆಗೆ ಮರಳುವಾಗ ಕಾರಿನಲ್ಲಿ ಕೂತು, ಕ್ಯಾಮೆರಾದ ಎದುರು ಹತ್ತರಲ್ಲಿ ಇಷ್ಟು ಎಂದು ಅಂಕದ ಫಲಕ ಎತ್ತಿ ತೋರಿಸಬೇಕು. ಊಟ ಹಾಕಿದವರಿಗೆ ಕೊನೆಯ ದಿನದವರೆಗೆ ಅದು ಗೊತ್ತಾಗುವುದಿಲ್ಲ. ಹೆಚ್ಚು ಅಂಕ ಪಡೆದವರಿಗೆ 1,000 ಪೌಂಡ್ ಬಹುಮಾನ.

ಅಲ್ಲಿಗೂ ನಿಲ್ಲುವುದಿಲ್ಲ. ಆತಿಥೇಯರು ಅಡುಗೆಮನೆಯಲ್ಲಿ ಬೆವರು ಸುರಿಸುತ್ತಿರುವಾಗ ಅತಿಥಿಗಳು ಮಹಡಿ ಹತ್ತಿ, ಮಲಗುವ ಕೋಣೆಗೆ ನುಗ್ಗಿ, ಕಪಾಟು ತೆರೆದು ನೋಡಿ ನಗುತ್ತಾರೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಲ್ಲಿ ಜಂತೆ ಎಣಿಸುವುದೇ ಆಟ.

ಲೆಕ್ಕ ಹಾಕಿ ನೋಡಿ. ನಾಲ್ವರು ಸ್ಪರ್ಧಿಗಳು. ಒಬ್ಬೊಬ್ಬರಿಗೂ ಉಳಿದ ಮೂವರಿಂದ ಅಂಕ, ಅಂದರೆ ಗರಿಷ್ಠ 30. ನಾಲ್ವರ ಅಡುಗೆಯೂ ಒಂದೇ ಮಟ್ಟದ್ದು ಎಂದಿಟ್ಟುಕೊಳ್ಳಿ. ಎಲ್ಲರೂ ಪ್ರಾಮಾಣಿಕವಾಗಿ 7 ಕೊಟ್ಟರೆ ಎಲ್ಲರಿಗೂ 21, ಪಂದ್ಯ ಸಮ. ಆದರೆ ಒಬ್ಬ ಮಾತ್ರ ಉಳಿದ ಮೂವರಿಗೂ 4 ಕೊಟ್ಟ. ಆಗ ಆ ಮೂವರಿಗೆ ತಲಾ 18, ಅವನಿಗೆ 21. ಅವನ ಸಾರಿಗೆ ಒಂದು ಚಿಟಿಕೆ ಉಪ್ಪೂ ಹೆಚ್ಚು ಬೀಳಲಿಲ್ಲ, ರುಚಿ ಹೆಚ್ಚಲಿಲ್ಲ. ಆದರೂ ಗೆದ್ದ. ನಾಲ್ವರೂ ಅದೇ ಬುದ್ಧಿ ಉಪಯೋಗಿಸಿದರೆ ಎಲ್ಲರಿಗೂ 12. ಪುನಃ ಸಮ, ಆದರೆ ನಾಲ್ಕು ಒಳ್ಳೆಯ ಊಟಕ್ಕೆ ಕೆಟ್ಟ ಹೆಸರು. ಇಂಥ ಆಟದಲ್ಲಿ ಪ್ರಾಮಾಣಿಕನಾಗಿ ಇರುವವನಿಗೇ ನಷ್ಟ.

ಹಾಗೆಂದು ಎಲ್ಲರೂ ಮೋಸ ಮಾಡುತ್ತಾರೆ ಎಂದಲ್ಲ. ತನ್ನ ಊಟಕ್ಕಿಂತ ಇನ್ನೊಬ್ಬರ ಊಟ ಚೆನ್ನಾಗಿತ್ತು ಎಂದು ಒಪ್ಪಿ 9 ಕೊಡುವವರೂ ಇದ್ದಾರೆ. ಆದರೆ ಸಂಶಯ ಒಮ್ಮೆ ಹೊಕ್ಕರೆ ಪ್ರಾಮಾಣಿಕವಾಗಿ ಕೊಟ್ಟ 5 ಕೂಡಾ ಹೊಟ್ಟೆಕಿಚ್ಚಿನ 5 ಆಗಿ ಕಾಣುತ್ತದೆ. 2016ರಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ ಕೊನೆಯ ರಾತ್ರಿ ಊಟ ಹಾಕಿದ ವ್ಯಕ್ತಿಯೇ ಫಲಿತಾಂಶ ಓದಬೇಕಾಗಿ ಬಂತು. ತಾನು ಕೊನೆಯ ಸ್ಥಾನ ಎಂದು ತಿಳಿದಾಗ ಗೆದ್ದವಳನ್ನು ಹೀಯಾಳಿಸಿ, ಎಲ್ಲರನ್ನೂ ಮನೆಯಿಂದ ಹೊರಗೆ ಹೋಗಿ ಎಂದ. ಜಗತ್ತೇ ಆ ತುಣುಕು ನೋಡಿ ನಕ್ಕಿತು. ನಮಗೆ ಮಾತ್ರ ಪೂರ್ತಿ ನಗು ಬರಲಿಲ್ಲ. ತನ್ನದೇ ಮೇಜಿನಲ್ಲಿ ಉಂಡವರು ಬೆನ್ನ ಹಿಂದೆ ಕೊಟ್ಟ ಅಂಕವನ್ನು ಅವರ ಎದುರಲ್ಲೇ ಓದಬೇಕಾದ ಮನುಷ್ಯ ಅವನು.

ತೂಕ ಹಂಚಿದರೆ?

ಆಸ್ಟ್ರೇಲಿಯಾದಲ್ಲಿ 2010ರಲ್ಲಿ ಶುರುವಾದ 'ಮೈ ಕಿಚನ್ ರೂಲ್ಸ್' ಸ್ವಲ್ಪ ಬೇರೆ ದಾರಿ ಹಿಡಿಯಿತು. ಇಬ್ಬಿಬ್ಬರ ತಂಡಗಳು ತಮ್ಮ ಮನೆಯನ್ನೇ ಒಂದು ರಾತ್ರಿಗೆ ಹೋಟೆಲು ಮಾಡಿ ಮೂರು ಬಗೆ ಬಡಿಸುತ್ತವೆ. ಉಣ್ಣಲು ಬಂದ ಪ್ರತಿಯೊಂದು ತಂಡವೂ ಒಟ್ಟು ಊಟಕ್ಕೆ ಹತ್ತರಲ್ಲಿ ಅಂಕ ಕೊಡುತ್ತದೆ. ಅದರ ಜೊತೆಗೆ ಇಬ್ಬರು ಬಾಣಸಿಗ ತೀರ್ಪುಗಾರರು ಪ್ರತಿಯೊಂದು ಬಗೆಗೂ ಬೇರೆ ಬೇರೆ ಹತ್ತರಲ್ಲಿ ಕೊಡುತ್ತಾರೆ. ಐದು ತಂಡ ಉಣ್ಣಲು ಬಂದರೆ ಎದುರಾಳಿಗಳ ಕೈಯಲ್ಲಿ 50, ತೀರ್ಪುಗಾರರ ಕೈಯಲ್ಲಿ 60, ಒಟ್ಟು 110. ಒಂದು ತಂಡ ಹೊಟ್ಟೆಕಿಚ್ಚಿನಿಂದ ನಾಲ್ಕು ಅಂಕ ಕಡಿದರೂ ಒಳ್ಳೆಯ ಅಡುಗೆ ಪೂರ್ತಿ ಮುಳುಗುವುದಿಲ್ಲ.

ಆದರೂ ತಂತ್ರದ ಅಂಕ ನಿಲ್ಲಲಿಲ್ಲ. ಬೇಕೆಂದೇ ಕಡಿಮೆ ಕೊಟ್ಟರು ಎಂಬ ದೂರು ಆ ಕಾರ್ಯಕ್ರಮದ ಉದ್ದಕ್ಕೂ ಕೇಳಿಬಂದದ್ದೇ. 2018ರಲ್ಲಿ ಊಟದ ಮೇಜಿನಲ್ಲಿ ಸಹಸ್ಪರ್ಧಿಗಳ ಜೊತೆ ಕೆಟ್ಟದಾಗಿ ನಡೆದುಕೊಂಡ ಒಂದು ಜೋಡಿಯನ್ನು ಸ್ಪರ್ಧೆಯ ನಡುವೆಯೇ ಹೊರಗೆ ಕಳಿಸಬೇಕಾಯಿತು. ಅಂಕದ ತೂಕವನ್ನು ನಿಯಮದಿಂದ ಸರಿಮಾಡಬಹುದು, ನಾಲಗೆಯನ್ನು ಅಷ್ಟು ಸುಲಭದಲ್ಲಿ ಸರಿಮಾಡಲಿಕ್ಕಾಗುವುದಿಲ್ಲ.

ಹೂಗುಚ್ಛಕ್ಕಾಗಿ ಸ್ಪರ್ಧೆ

ಇದಕ್ಕೆ ವಿರುದ್ಧ ಉದಾಹರಣೆಯೂ ಬ್ರಿಟನ್ನಿನದ್ದೇ, 'ಗ್ರೇಟ್ ಬ್ರಿಟಿಷ್ ಬೇಕ್ ಆಫ್'. ನಮ್ಮ ಮನೆಗಳಲ್ಲಿ ಈ ಹೆಸರು ಗೊತ್ತಿರುವುದು ನಾದಿಯಾ ಹುಸೇನ್ ಅವರಿಂದ. ಲೂಟನ್‌ನಲ್ಲಿ ಹುಟ್ಟಿದ, ಬಾಂಗ್ಲಾದೇಶ ಮೂಲದ ಕುಟುಂಬದ ಮಗಳು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡೇ 2015ರ ಫೈನಲ್ ಗೆದ್ದರು. ಆ ಕಂತನ್ನು ಬ್ರಿಟನ್ನಿನಲ್ಲಿ 1 ಕೋಟಿ 30 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಮರುವರ್ಷ ರಾಣಿ ಎಲಿಜಬೆತ್ ಅವರ 90ನೇ ಹುಟ್ಟುಹಬ್ಬದ ಕೇಕನ್ನೂ ಮಾಡಿದ್ದು ಅವರೇ.

ಇಲ್ಲಿ ಸ್ಪರ್ಧಿಗಳು ಒಬ್ಬರಿಗೊಬ್ಬರು ಅಂಕ ಕೊಡುವುದಿಲ್ಲ. ತೀರ್ಪುಗಾರರು ಬೇರೆ. ಒಂದು ಸುತ್ತಿನಲ್ಲಂತೂ ಯಾವುದು ಯಾರು ಮಾಡಿದ್ದು ಎಂದು ಅವರಿಗೂ ತಿಳಿಯದಂತೆ ಸಾಲಾಗಿ ಇಟ್ಟು ರುಚಿ ನೋಡಿಸುತ್ತಾರೆ. ಗೆದ್ದವರಿಗೆ ಹಣದ ಬಹುಮಾನವಿಲ್ಲ, ಒಂದು ಕೇಕ್ ಸ್ಟ್ಯಾಂಡ್ ಮತ್ತು ಹೂಗುಚ್ಛ. ತನ್ನ ಕೆಲಸ ಮುಗಿದವರು ಪಕ್ಕದವರ ಟ್ರೇ ಹಿಡಿಯಲು ಓಡುವ ದೃಶ್ಯ ಅಲ್ಲಿ ಎಷ್ಟೋ ಸಲ ಕಾಣುತ್ತದೆ. ಅವರೆಲ್ಲ ಬಹಳ ಒಳ್ಳೆಯವರು, ಇವರೆಲ್ಲ ಕೆಟ್ಟವರು ಎಂದು ನಮಗನಿಸುವುದಿಲ್ಲ. ಪಕ್ಕದವರನ್ನು ಕೆಳಗೆ ಎಳೆಯುವ ಹಗ್ಗವನ್ನು ಅಲ್ಲಿ ಅವರ ಕೈಗೆ ಕೊಟ್ಟಿಲ್ಲ, ಅಷ್ಟೇ.

ನಮ್ಮ ತಟ್ಟೆಯ ಚೀಟಿ

ಇದನ್ನೆಲ್ಲ ದೊಡ್ಡದಾಗಿ ಹೇಳುವ ನಾವು ಒಮ್ಮೆ ಒಂದು ಊರಿನ ಅಡುಗೆ ಸ್ಪರ್ಧೆಗೆ ತೀರ್ಪುಗಾರರಾಗಿ ಕೂತಿದ್ದೆವು. ಪಿಂಡಿ, ಪತ್ತಿರ್, ತುಪ್ಪದ ಅನ್ನ, ಬಿರಿಯಾನಿ, ಮೇಜಿನ ತುಂಬಾ. ಪ್ರತಿ ತಟ್ಟೆಯ ಬದಿಯಲ್ಲಿ ಮಾಡಿದವರ ಹೆಸರಿನ ಚೀಟಿ. ಒಂದು ಚೀಟಿಯಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನ ತಾಯಿಯ ಹೆಸರಿತ್ತು. ನಾಲಗೆಗಿಂತ ಮೊದಲು ಕಣ್ಣು ಅಂಕ ಕೊಟ್ಟುಬಿಟ್ಟಿತು. ಆ ದಿನ ಎರಡನೇ ಮತ್ತು ಮೂರನೇ ಸ್ಥಾನದ ನಡುವೆ ಇದ್ದದ್ದು ಒಂದೇ ಅಂಕ. ಮೂರನೆಯವರಾದ ಅಮ್ಮ ನಗುತ್ತಲೇ ಸಲಾಂ ಹೇಳಿ ಪಾತ್ರೆ ಎತ್ತಿಕೊಂಡು ಹೋದರು. ಆ ಒಂದು ಅಂಕ ನಮಗೆ ಇವತ್ತಿಗೂ ಭಾರವೇ.

ಆಹಾರದಲ್ಲಿ ಕೊರತೆ ಹುಡುಕದೆ, ಇಷ್ಟವಾದರೆ ಉಂಡು, ಇಲ್ಲವಾದರೆ ಸುಮ್ಮನೆ ಬಿಡುವುದು ಪ್ರವಾದಿವರ್ಯರ (ಸ) ಕ್ರಮವಾಗಿತ್ತೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಅದು ಅತಿಥಿಯ ಕರ್ತವ್ಯ. ತೀರ್ಪುಗಾರನ ಕರ್ತವ್ಯ ಬೇರೆ. ಅವನು ಸಾಕ್ಷಿ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಟಿವಿಯ ಆ ಕಾರ್ಯಕ್ರಮಗಳು ಅತಿಥಿಯ ಟೊಪ್ಪಿ, ಸಾಕ್ಷಿಯ ಟೊಪ್ಪಿ, ಎದುರಾಳಿಯ ಟೊಪ್ಪಿ ಮೂರನ್ನೂ ಒಂದೇ ತಲೆಗೆ ಇಡುತ್ತವೆ. ತಲೆ ತಿರುಗದೆ ಇರುತ್ತದಾ?

ಹಾಗಾಗಿ ಈಗ ಯಾರು ತೀರ್ಪಿಗೆ ಕರೆದರೂ ನಾವು ಮೊದಲೇ ಹೇಳುತ್ತೇವೆ: ತಟ್ಟೆಗೆ ಹೆಸರು ಬೇಡ, ನಂಬರ್ ಸಾಕು. ಸ್ಪರ್ಧಿಗಳ ಮನೆಯವರು ತೀರ್ಪಿಗೆ ಕೂರುವುದು ಬೇಡ. ಮೂವರಾದರೂ ರುಚಿ ನೋಡಲಿ, ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಿರಲಿ. ಖರ್ಚೇನೂ ಇಲ್ಲ, ಒಂದಷ್ಟು ಚೀಟಿ ಸಾಕು.

ಇನ್ನು ಮನೆಯ ಮಾತು. ಮೊನ್ನೆ ಊಟಕ್ಕೆ ಕೂತಾಗ ಮನೆಯ ಸಣ್ಣವನು ಸಾರು ಬಾಯಿಗಿಟ್ಟು, ಟಿವಿಯವರ ಹಾಗೆ ಹುಬ್ಬೇರಿಸಿ "ಹತ್ತರಲ್ಲಿ ಆರು" ಎಂದ. ಎಲ್ಲರೂ ನಕ್ಕರು. ಬೆಳಗ್ಗೆಯಿಂದ ಒಲೆಯ ಮುಂದೆ ನಿಂತಿದ್ದ ಅವನ ಉಮ್ಮ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ಎದ್ದು ಹೋಗಿ ಎರಡನೇ ಸಲ ಬಡಿಸಿಕೊಂಡು ಬಂದ. ಆಗ ಅವರು ನಕ್ಕರು.