ಹುಲಿ ಹೋದದ್ದು ಯಾವ ಕಡೆಗೆ?

ಹೆಗ್ಗಡದೇವನಕೋಟೆ ತಾಲ್ಲೂಕಿನ ಓದುಗರೊಬ್ಬರು ಒಂದು ಸೊಗಸಾದ ಪ್ರಶ್ನೆ ಕಳಿಸಿದ್ದಾರೆ. ಅವರ ಊರಿನ ಹೊಲದಂಚಿನಲ್ಲಿ ಹುಲಿ ಹಸು ಹಿಡಿದಿತ್ತಂತೆ. ಅರಣ್ಯ ಇಲಾಖೆಯವರು ನಾಯಿ ಕರೆತಂದರು. ಅದು ಒಂದೆರಡು ಸುತ್ತು ಮೂಸಿ ಸೀದಾ ಹಳ್ಳದ ಕಡೆ ನಡೆಯಿತು. ‘ಸ್ವಾಮಿ, ಹುಲಿಯ ವಾಸನೆ ಅದು ಬಂದ ದಾರಿಯಲ್ಲೂ ಇರುತ್ತೆ, ಹೋದ ದಾರಿಯಲ್ಲೂ ಇರುತ್ತೆ. ನಾಯಿ ಹಿಂದುಮುಂದಾಗಿ, ಹುಲಿ ಬಂದ ಕಡೆಗೇ ಯಾಕೆ ಹೋಗಲಿಲ್ಲ?’

ಭೇಷ್! ನಾಯಿಯ ಮೂಗನ್ನು ಹೊಗಳುವವರೆಲ್ಲ, ವಾಸನೆ ಹಿಡಿಯುವ ಜೀವಕೋಶಗಳು ನಮಗೆ ಐವತ್ತು ಅರವತ್ತು ಲಕ್ಷ, ನಾಯಿಗೆ ಇಪ್ಪತ್ತು ಕೋಟಿಗೂ ಮೇಲೆ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಕೋಟಿ ಎಷ್ಟಿದ್ದರೇನು? ವಾಸನೆ ಇದೆ ಎಂದು ಗೊತ್ತಾಗುವುದು ಬೇರೆ, ಅದು ಎತ್ತ ಸಾಗಿದೆ ಎಂದು ಗೊತ್ತಾಗುವುದು ಬೇರೆ.

ಈ ವಿಷಯಕ್ಕೆ ನಾರ್ವೆಯವರು ತಲೆ ಕೆಡಿಸಿಕೊಂಡರು ಎಂದರೆ ಆಶ್ಚರ್ಯವೇನಿಲ್ಲ. ಮೊದಲ ಹಿಮ ಬೀಳುತ್ತಲೇ ಕಾಲಿಗೆ ಸ್ಕೀ ಕಟ್ಟಿ, ಸೊಂಟಕ್ಕೆ ನಾಯಿಯ ಹಗ್ಗ ಬಿಗಿದು ಕಾಡುದಾರಿ ಹಿಡಿಯುವ ಜನ ಅವರು. ಹಿಮದಲ್ಲಾದರೆ ಹೆಜ್ಜೆಯ ಮುಖ ಎತ್ತ ಎಂದು ಕಣ್ಣಿಗೇ ಕಾಣುತ್ತದೆ. ಹುಲ್ಲಿನ ಮೇಲೆ? ಸಿಮೆಂಟಿನ ಮೇಲೆ? ಓಸ್ಲೋದ ವಿಜ್ಞಾನಿಗಳು ನಾಲ್ಕು ಜರ್ಮನ್ ಶೆಫರ್ಡ್ ನಾಯಿಗಳನ್ನು ಇದಕ್ಕೆ ಒಡ್ಡಿದರು. ಹುಲ್ಲಿನ ಮೇಲೆ 20 ನಿಮಿಷದ ಹಿಂದೆ, ಸಿಮೆಂಟಿನ ಮೇಲೆ 3 ನಿಮಿಷದ ಹಿಂದೆ ಮನುಷ್ಯನೊಬ್ಬ ನಡೆದುಹೋದ ಜಾಡಿಗೆ ನಾಯಿಯನ್ನು ಅಡ್ಡಡ್ಡಲಾಗಿ ತಂದು ಬಿಟ್ಟರು. ಮೂಸುವ ಸದ್ದು ಕೇಳಲೆಂದು ಮೈಕನ್ನೂ ಕಟ್ಟಿದ್ದರು. 1993ರಲ್ಲಿ ಅವರು ಪ್ರಕಟಿಸಿದ ವಿವರ ಓದಿದಾಗ ನನಗೆ ಕುಣಿಯುವಷ್ಟು ಖುಷಿಯಾಯಿತು.

ಮೊದಲು ನಾಯಿ ಬಿರುಸಾಗಿ ಅಡ್ಡಾಡಿ ಜಾಡು ಹುಡುಕುತ್ತದೆ. ಜಾಡು ಮೂಗಿಗೆ ತಗಲಿತೋ, ತಟಕ್ಕನೆ ನಿಧಾನವಾಗುತ್ತದೆ. ಎರಡರಿಂದ ಐದು ಹೆಜ್ಜೆಗುರುತುಗಳನ್ನು ಒಂದೊಂದಾಗಿ ಮೂಸುತ್ತದೆ. ಈ ಹೊತ್ತಿನಲ್ಲೂ ಮೂಗು ಸೆಕೆಂಡಿಗೆ ಆರು ಸಲದಂತೆ ಆಡುತ್ತಲೇ ಇರುತ್ತದೆ. ಮೂರರಿಂದ ಐದು ಸೆಕೆಂಡ್, ಅಷ್ಟೇ. ತೀರ್ಮಾನವಾಯಿತು. ಆಮೇಲೆ ಮತ್ತೆ ವೇಗ, ಅದೂ ಸರಿಯಾದ ದಿಕ್ಕಿಗೆ.

ಆ ಮೂರು ಸೆಕೆಂಡಿನಲ್ಲಿ ನಡೆದದ್ದೇನು? 2005ರಲ್ಲಿ ಬೆಲ್‌ಫಾಸ್ಟಿನ ಇಬ್ಬರು ಸಂಶೋಧಕರು ಇದನ್ನು ಇನ್ನೂ ಬಿಗಿಯಾಗಿ ಪರೀಕ್ಷಿಸಿದರು. ಹೆಜ್ಜೆಗಳ ಸರದಿಯನ್ನು ಕಲಸಿಬಿಟ್ಟಾಗ ನಾಯಿಗಳಿಗೆ ದಿಕ್ಕು ತಿಳಿಯಲಿಲ್ಲ. ಸರದಿ ಸರಿಯಾಗಿದ್ದಾಗ ಐದು ಹೆಜ್ಜೆ ಸಾಕಾಯಿತು, ಮೂರು ಸಾಲಲಿಲ್ಲ. ಐದು ಹೆಜ್ಜೆ ಇಡಲು ನಮಗೆ ಬೇಕಾಗುವುದು ಒಂದೆರಡು ಸೆಕೆಂಡ್. ಅಂದರೆ ಮೊದಲ ಹೆಜ್ಜೆಯ ವಾಸನೆಗೂ ಐದನೆಯದಕ್ಕೂ ವಯಸ್ಸಿನಲ್ಲಿ ಇರುವ ವ್ಯತ್ಯಾಸವೂ ಅಷ್ಟೇ! ಆ ಕೂದಲೆಳೆಯಷ್ಟು ಹೆಚ್ಚುಕಮ್ಮಿಯನ್ನು ನಾಯಿ ಸಾಲಾಗಿ ಓದಿಕೊಂಡು, ಹೊಸ ವಾಸನೆ ಇರುವ ಕಡೆ ತಿರುಗುತ್ತದೆ. ಈ ಪ್ರಯೋಗಗಳು ನಡೆದದ್ದು ಮನುಷ್ಯರ ಹೆಜ್ಜೆಯ ಮೇಲೆ. ಆದರೆ ಹುಲಿಯ ಅಂಗಾಲಿನ ಮೆತ್ತೆಯಲ್ಲೂ ಬೆವರಿನ ಗ್ರಂಥಿಗಳಿವೆ. ತುಳಿದ ಹುಲ್ಲು, ಕದಲಿದ ಮಣ್ಣಿನ ವಾಸನೆಯೂ ಜತೆಗೆ ಸೇರುತ್ತದೆ.

ಇದನ್ನು ನೋಡಲು ಓಸ್ಲೋಗೆ ಹೋಗಬೇಕಿಲ್ಲ. ರಾಗಿ ಕೊಯ್ಲಾದ ಮೇಲೆ, ಇಬ್ಬನಿ ಇನ್ನೂ ಆರದ ಹೊತ್ತಿನಲ್ಲಿ ಕೂಳೆ ಹೊಲಕ್ಕೆ ಊರ ನಾಯಿಯ ಹಿಂದೆ ಹೋಗಿ. ರಾತ್ರಿ ಮೊಲ ದಾಟಿದ ಬದುವಿನಲ್ಲಿ ಅದು ಅಡ್ಡ ಹಾಯ್ದು ಮುಂದೆ ಹೋಗಿರುತ್ತದೆ, ಕುತ್ತಿಗೆ ಹಿಡಿದು ಎಳೆದಂತೆ ತಿರುಗಿ ಬರುತ್ತದೆ. ಬಾಲ ನಿಲ್ಲುತ್ತದೆ. ಮೂಗಿನ ಹೊಳ್ಳೆಯ ಪಕ್ಕದಲ್ಲಿರುವ ಸೀಳನ್ನು ಆಗ ಗಮನಿಸಿ. ಬಿಟ್ಟ ಉಸಿರು ಎದುರಿನ ವಾಸನೆಯನ್ನು ಚದುರಿಸದೆ, ಆ ಸೀಳಿನಿಂದ ಪಕ್ಕಕ್ಕೆ, ಹಿಂದಕ್ಕೆ ಹೋಗುತ್ತದೆ. ನೆಲ ಧೂಳಾಗಿದ್ದರೆ ಮೂಗಿನ ಎರಡೂ ಬದಿ ಧೂಳು ಹಾರುವುದು ಕಾಣುತ್ತದೆ.

ಇಂಥ ಮೂಗನ್ನು ನಮ್ಮ ಕಾಡಿನ ಕೆಲಸಕ್ಕೆ ಹಚ್ಚಿ ವರ್ಷಗಳಾದವು. ಹೆಗ್ಗಡದೇವನಕೋಟೆಯ ನೆರೆಯ ಬಂಡೀಪುರದಲ್ಲಿದ್ದ ‘ರಾಣಾ’ ಎಂಬ ಜರ್ಮನ್ ಶೆಫರ್ಡ್ ನಾಯಿಯ ಹೆಸರು ನೀವು ಪತ್ರಿಕೆಗಳಲ್ಲಿ ಓದಿರಬಹುದು. 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಸುತ್ತ ಜನರನ್ನು ಕೊಂದ ಹುಲಿಯನ್ನು ಹುಡುಕಲು ಸಾಕಾನೆಗಳ ಜತೆ ರಾಣಾನೂ ಇಳಿದಿದ್ದ. ಹುಲಿಯನ್ನು ಕೊನೆಗೆ ಅರಿವಳಿಕೆ ಕೊಟ್ಟು ಜೀವಂತ ಹಿಡಿದರು. ಕಾಡಿನ ಜಾಡು ಬಲ್ಲವರ ಕಣ್ಣು, ಆನೆಯ ಎತ್ತರ, ನಾಯಿಯ ಮೂಗು, ಕ್ಯಾಮೆರಾ ಎಲ್ಲವೂ ಬೇಕಾಗುವ ಕೆಲಸ ಅದು.

ಈಗ ಒಂದಿಷ್ಟು ಬೈಗುಳ. ಕಳ್ಳತನವಾದ ಊರಿಗೆ ಪೊಲೀಸ್ ನಾಯಿ ಬಂದು ಯಾರದೋ ಜಗಲಿಯ ಮುಂದೆ ನಿಂತರೆ ಸಾಕು, ಆ ಮನೆಯವನೇ ಕಳ್ಳ ಎಂದು ಊರು ತೀರ್ಪು ಕೊಟ್ಟುಬಿಡುತ್ತದೆ. ಕಣಿ ಕೇಳುವುದು ಬಿಟ್ಟವರೂ ನಾಯಿಯ ಹತ್ತಿರ ಕಣಿ ಕೇಳುತ್ತಾರೆ! ಅಲ್ರೀ, ನಾಯಿ ಹೇಳುವುದು ವಾಸನೆ ಇಲ್ಲಿಗೆ ಬಂದಿದೆ ಎಂದು ಮಾತ್ರ. ಕಳ್ಳ ಅಲ್ಲಿ ಬೀಡಿ ಹಚ್ಚಲು ನಿಂತಿದ್ದಿರಬಹುದು, ಜಾಡು ಅಲ್ಲಿಗೆ ಕಡಿದುಹೋಗಿರಬಹುದು. ಬರೀ ನಾಯಿ ಹಿಡಿದ ಜಾಡಿಗೆ ಸಾಕ್ಷ್ಯವಾಗಿ ಹೆಚ್ಚು ತೂಕ ಕೊಡಲಾಗದು ಎಂದು ಸುಪ್ರೀಂ ಕೋರ್ಟೇ ಅರ್ಧ ಶತಮಾನದ ಹಿಂದೆ ಹೇಳಿದೆ. ನಾಯಿ ಊಳಿಟ್ಟರೆ ಯಮದೂತರು ಕಂಡಂತೆ ಎನ್ನುವವರ ವಿಷಯ ಬಿಡಿ, ಅವರಿಗೆ ಇನ್ನೊಮ್ಮೆ.

ಓದುಗರಿಗೆ ಉಪಯೋಗವಾಗುವ ಒಂದು ಮಾತು. ಹುಲಿ ಹಸು ಹಿಡಿದ ಜಾಗಕ್ಕೆ ಇಡೀ ಊರು ಹೋಗಿ ಮೊಬೈಲಿನಲ್ಲಿ ಫೋಟೊ ತೆಗೆದರೆ, ನಾಯಿ ಸಾಲಾಗಿ ಓದಬೇಕಾದ ಹೆಜ್ಜೆಗಳ ಮೇಲೆ ನೂರು ಜನರ ಹೆಜ್ಜೆ ಬೀಳುತ್ತದೆ. ದೂರ ನಿಂತು ಫಾರೆಸ್ಟ್ ಆಫೀಸಿಗೆ ಬೇಗ ಫೋನ್ ಮಾಡಿ. ಬೆಳಗಿನ ತೇವದಲ್ಲಿ ವಾಸನೆ ನೆಲದಲ್ಲಿ ನಿಲ್ಲುತ್ತದೆ. ಬಿಸಿಲೇರಿದ ಮೇಲೆ ನೆಲವೂ ಒಣಗುತ್ತದೆ, ನಾಯಿಯೂ ಬಾಯಿ ತೆರೆದು ತೇಕುತ್ತದೆ. ಮೈ ತಂಪು ಮಾಡಿಕೊಳ್ಳಲು ಅದಕ್ಕಿರುವ ಮುಖ್ಯ ದಾರಿ ಅದೇ. ತೇಕುತ್ತಿರುವಷ್ಟು ಹೊತ್ತು ಅದು ಸರಿಯಾಗಿ ಮೂಸಲಾರದು. ಅದಕ್ಕೆ ಮೊದಲು ನೆರಳು, ಒಂದು ಬೋಗುಣಿ ನೀರು ಕೊಡಿ.