ಪೋಳ್‌ಗಳ ನಡುವೆ ಒಂದು ಹಾದಿ: ಅಹಮದಾಬಾದಿನ ಪಾರಂಪರಿಕ ನಡಿಗೆ

ಅಹಮದಾಬಾದಿನ ಪಾರಂಪರಿಕ ನಡಿಗೆ ಬೆಳಿಗ್ಗೆ ಎಂಟಕ್ಕೆ ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಡುತ್ತದೆ. ಹಳೇ ಪೇಟೆಯ ಗಲ್ಲಿಗಳನ್ನು ಎರಡು, ಎರಡೂವರೆ ಗಂಟೆ ಸುತ್ತಿ ಮಾಣೆಕ್ ಚೌಕದ ಪಕ್ಕದ ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ನಗರಪಾಲಿಕೆ ಕ್ರುಟಾ ಪ್ರತಿಷ್ಠಾನದ ಜೊತೆಗೂಡಿ ಇದನ್ನು ಆರಂಭಿಸಿದ್ದು 1997ರ ನವೆಂಬರ್ 19ರಂದು. ಮೈಸೂರಿನಲ್ಲಿ ದಸರೆಯ ದಿನಗಳಲ್ಲಿ ನಡೆಯುವ ಪಾರಂಪರಿಕ ನಡಿಗೆ ಹೆಚ್ಚಾಗಿ ಅರಮನೆ, ಪುರಭವನ, ಗಡಿಯಾರ ಗೋಪುರಗಳ ಸುತ್ತ ಸಾಗುತ್ತದೆ. ಅಹಮದಾಬಾದಿನಲ್ಲೂ ಸುಲ್ತಾನರ ಕಟ್ಟಡಗಳಿಗೆ ಬರವಿಲ್ಲ. ಆದರೂ ಇಲ್ಲಿನ ನಡಿಗೆಯ ಬಹುಪಾಲು ಹೊತ್ತು ಕಳೆಯುವುದು ಜನ ಇನ್ನೂ ಒಲೆ ಹಚ್ಚುವ, ಬಟ್ಟೆ ಒಣಹಾಕುವ ಮನೆಗಳ ಮುಂದೆ. ಅದರ ಹೆಚ್ಚುಗಾರಿಕೆಯೂ ಅಲ್ಲೇ ಇದೆ.

ಸುಲ್ತಾನ ಅಹಮದ್ ಶಾಹ 1411ರಲ್ಲಿ ಸಾಬರಮತಿಯ ಪೂರ್ವ ದಂಡೆಯಲ್ಲಿ ಈ ಊರನ್ನು ಕಟ್ಟಿಸಿದ. ಹದಿನಾರನೆಯ ಶತಮಾನದಲ್ಲಿ ಅಕ್ಬರ ಗುಜರಾತನ್ನು ಗೆದ್ದ. ಹದಿನೆಂಟರಲ್ಲಿ ಮೊಗಲರೂ ಮರಾಠರೂ ಊರಿಗಾಗಿ ಕಾದಾಡಿದರು, ಆಮೇಲೆ ಬ್ರಿಟಿಷರು ಬಂದರು. 1861ರಲ್ಲಿ ರಣಛೋಡ್‌ಲಾಲ್ ಛೋಟಾಲಾಲ್ ಮೊದಲ ಬಟ್ಟೆ ಗಿರಣಿ ತೆರೆದ ಮೇಲೆ ಊರು ಕೋಟೆ ದಾಟಿ ಬೆಳೆಯಿತು. ಒಡೆಯರು ಬದಲಾದರೂ ನೇಯ್ಗೆ, ಚಿನ್ನ, ಲೇವಾದೇವಿಯ ವ್ಯಾಪಾರ ನಿಲ್ಲಲಿಲ್ಲ. ವರ್ತಕರು ಗಳಿಸಿದ ಹಣದಲ್ಲಿ ಒಂದಷ್ಟು ಮರದ ಕೆತ್ತನೆಗೆ ಹೋಯಿತು.

ಹೊರಡುವ ಜಾಗವಾದ ಮಂದಿರ ಸ್ವಾಮಿನಾರಾಯಣ ಸಂಪ್ರದಾಯದ ಮೊತ್ತಮೊದಲನೆಯದು, 1822ರಲ್ಲಿ ಪ್ರತಿಷ್ಠೆಯಾದದ್ದು. ಜಾಗ ಕೊಟ್ಟದ್ದು ಬ್ರಿಟಿಷ್ ಸರ್ಕಾರ, ಕಂಬ ಕಮಾನುಗಳಿಗೆ ಬಂದದ್ದು ಬರ್ಮಾ ತೇಗ. ಅದರ ಮೇಲಿನ ಕೆತ್ತನೆಗೆ ಕಣ್ಣು ಕುಕ್ಕುವ ಬಣ್ಣ ಬಳಿದಿದ್ದಾರೆ. ಅಲ್ಲಿಂದ ನಾಲ್ಕು ಹೆಜ್ಜೆ ಹೋದರೆ ಲಂಬೇಶ್ವರದ ಪೋಳ್. ಅದರ ಬಳಿ ಹತ್ತೊಂಬತ್ತನೆಯ ಶತಮಾನದ ಗುಜರಾತಿ ಕವಿ ದಲಪತರಾಮ್ ಇದ್ದ ಮನೆಯ ಜಾಗ. ಮನೆ ಬಿದ್ದುಹೋಗಿದೆ. ಪಾಲಿಕೆ ಅದರ ಮುಂಭಾಗವನ್ನಷ್ಟೇ ಮತ್ತೆ ಕಟ್ಟಿಸಿ, ಜಗಲಿಯ ಮೇಲೆ ಕವಿಯ ಕಂಚಿನ ಪ್ರತಿಮೆಯನ್ನು ಕೂರಿಸಿದೆ. ಪ್ರತಿಮೆ ಆಳೆತ್ತರದ್ದು, ಪೀಠವಿಲ್ಲ. ಪಕ್ಕದಲ್ಲಿ ಯಾರಾದರೂ ಹೋಗಿ ಕೂರಬಹುದು, ಕೂರುತ್ತಾರೆ ಕೂಡ.

ಪೋಳ್ ಎಂದರೆ ಒಂದೇ ಬಾಗಿಲಿನ ಕೇರಿ. ಒಂದೇ ಜಾತಿಯ, ಕಸುಬಿನ ಅಥವಾ ಧರ್ಮದ ಮನೆಗಳು ಒತ್ತೊತ್ತಾಗಿ ನಿಂತು, ನಡುವೆ ಓಣಿ ಬಿಟ್ಟುಕೊಂಡು, ಬಾಯಿಗೆ ದೊಡ್ಡ ಮರದ ಬಾಗಿಲು ಹಾಕಿಕೊಂಡದ್ದು. ಬಾಗಿಲ ಮೇಲೆ ಕಾವಲುಗಾರನ ಕೋಣೆ. ರಾತ್ರಿ ಅವನು ಅಗಳಿ ಹಾಕಿದರೆ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಹದಿನೆಂಟನೆಯ ಶತಮಾನದ ಲೂಟಿಯ ದಿನಗಳಲ್ಲಿ ಈ ಏರ್ಪಾಡು ಗಟ್ಟಿಯಾಯಿತು ಎನ್ನುತ್ತಾರೆ. ದೊಡ್ಡ ಪೋಳ್‌ನ ಒಳಗೆ ಖಡ್ಕಿ ಎಂಬ ಸಣ್ಣ ಕವಲುಗಳಿರುತ್ತವೆ. ನೋಡಲು ಯಾರದೋ ಮನೆಯ ಬಾಗಿಲಿನಂತಿರುವ ಕಿಂಡಿಯಲ್ಲಿ ತಲೆ ತಗ್ಗಿಸಿ ನುಗ್ಗಿದರೆ ಪಕ್ಕದ ಪೋಳ್ ಸಿಗುತ್ತದೆ. ಗಲಭೆಯಾದಾಗ ಹೆಂಗಸರು ಮಕ್ಕಳು ತಪ್ಪಿಸಿಕೊಳ್ಳಲು ಇಟ್ಟ ಗುಪ್ತದಾರಿ ಅದು. ನಡಿಗೆಯವರು ಅಂಥದ್ದೊಂದನ್ನು ದಾಟಿಯೇ ಮುಂದೆ ಹೋಗುತ್ತಾರೆ.

ಪೋಳ್‌ಗೆ ತನ್ನದೇ ಪಂಚಾಯಿತಿ ಇತ್ತು. ಮನೆ ಮಾರುವವರು ಮೊದಲು ಪೋಳ್‌ನವರನ್ನೇ ಕೇಳಬೇಕು. ಮಾರಿದರೆ ಸಾಮೂಹಿಕ ನಿಧಿಗೆ ಇಂತಿಷ್ಟು ಕೊಡಬೇಕು. ಕಾವಲು, ಗುಡಿಸುವಿಕೆ, ಬಾಗಿಲ ದುರಸ್ತಿ ಎಲ್ಲಕ್ಕೂ ಅದೇ ನಿಧಿ. ಬಾಗಿಲ ಹತ್ತಿರ ಈಗಲೂ ಕರಿಹಲಗೆ ಕಾಣುತ್ತದೆ. ಸಾವು, ಸಭೆ, ಉತ್ಸವಗಳ ಸುದ್ದಿಯನ್ನು ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಚೌಕದ ನಡುವೆ ಚಬೂತರೋ: ಎತ್ತರದ ಕಂಬ, ಅದರ ತುದಿಯಲ್ಲಿ ಕೆತ್ತನೆಯ ಮಂಟಪ. ಹಕ್ಕಿಗಳಿಗೆ ಕಾಳು ಇಡಲು ಮಾಡಿದ್ದು. ಮರಗಳಿಗೆ ಜಾಗವಿಲ್ಲದ ಕೇರಿಯಲ್ಲಿ ಹಕ್ಕಿಗೂ ಒಂದು ಮನೆಯಿರಲಿ ಎಂದು ಜನ ದುಡ್ಡು ಕೂಡಿಸಿದ್ದರು.

ಇನ್ನು ಮನೆಯ ವಿಷಯ. ಬೀದಿಗೆ ಕಾಣುವ ಅಗಲ ಕಡಿಮೆ, ಒಳಗೆ ಉದ್ದ ಹೆಚ್ಚು. ಓಟಲೋ ಎಂಬ ಜಗಲಿ ದಾಟಿದರೆ ಪಡಸಾಲೆ, ಅದರಾಚೆ ಆಕಾಶಕ್ಕೆ ತೆರೆದ ಚೌಕ, ಅದರ ಹಿಂದೆ ಅಡುಗೆಮನೆ, ಕೋಣೆಗಳು. ಹಳೇ ಮೈಸೂರು ಕಡೆಯ ತೊಟ್ಟಿಮನೆ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ತೊಟ್ಟಿಮನೆ ಅಗಲಕ್ಕೆ ಹರಡಿಕೊಂಡರೆ ಪೋಳ್‌ನ ಮನೆ ಮೇಲಕ್ಕೆ ಬೆಳೆಯುತ್ತದೆ, ಅಷ್ಟೇ ವ್ಯತ್ಯಾಸ. ಎರಡನೆಯ, ಮೂರನೆಯ ಅಂತಸ್ತುಗಳು ಓಣಿಯ ಮೇಲೆ ಚಾಚಿಕೊಂಡಿರುವುದರಿಂದ ಕೆಳಗೆ ನೆರಳು. ಮೇ ತಿಂಗಳ ಸುಡುಬಿಸಿಲಲ್ಲೂ ಓಣಿಯ ಕಲ್ಲು ಕಾಯುವುದು ನಡುಮಧ್ಯಾಹ್ನ ಸ್ವಲ್ಪ ಹೊತ್ತು ಮಾತ್ರ. ಚಾಚಿದ ಅಂತಸ್ತನ್ನು ಹೊರುವ ಬೋದಿಗೆಗಳ ಮೇಲೆ ಗಿಳಿ, ಬಳ್ಳಿ, ಆನೆ, ಸಂಗೀತಗಾರರು. ಮನೆ ನಿಂತಿರುವುದು ತೇಗದ ಚೌಕಟ್ಟಿನ ಮೇಲೆ, ನಡುವೆ ಇಟ್ಟಿಗೆ ಮತ್ತು ಸುಣ್ಣದ ಗಾರೆ. ಗೋಡೆಯೊಳಗೆ ಅಡ್ಡಡ್ಡ ತೊಲೆಗಳನ್ನೂ ಹುದುಗಿಸುತ್ತಿದ್ದರು. 2001ರ ಜನವರಿ 26ರ ಭೂಕಂಪದಲ್ಲಿ ಇದೇ ನಗರದ ಹೊಸ ಬಡಾವಣೆಗಳಲ್ಲಿ ಕಾಂಕ್ರೀಟಿನ ಬಹುಮಹಡಿ ಕಟ್ಟಡಗಳು ಕುಸಿದು ಜನ ಸತ್ತರು; ಪೋಳ್‌ಗಳ ಮರದ ಚೌಕಟ್ಟು ಅಲುಗಾಡಿ ಬಹುಮಟ್ಟಿಗೆ ನಿಂತುಕೊಂಡಿತು.

ಚೌಕದ ನೆಲದಡಿಯಲ್ಲಿ ಟಾಂಕಾ ಇದೆ. ನಡಿಗೆಗೆ ಬಂದವರು ಕಲ್ಲುಹಾಸಿನ ನಡುವೆ ಒಂದು ಚಿಕ್ಕ ಮುಚ್ಚಳವನ್ನಷ್ಟೇ ನೋಡುತ್ತಾರೆ, ಅದರ ಕೆಳಗಿರುವುದು ಒಂದು ಕೋಣೆಯಷ್ಟು ದೊಡ್ಡ ತೊಟ್ಟಿ. ಮಳೆಗಾಲದಲ್ಲಿ ಮಾಡಿನ ನೀರು ಕೊಳವೆಯಲ್ಲಿ ಇಳಿದು ಅದಕ್ಕೆ ಸೇರುತ್ತದೆ. ಮೊದಲ ಮಳೆಯನ್ನು ಒಳಗೆ ಬಿಡುವುದಿಲ್ಲ. ವರ್ಷದ ಧೂಳು, ಹಕ್ಕಿ ಹಿಕ್ಕೆ ತೊಳೆದು ಹೋಗಲೆಂದು ಓಣಿಗೆ ಹರಿಸುತ್ತಾರೆ. ಆಮೇಲೆ ಬಿದ್ದ ನೀರು ಸುಣ್ಣದ ಗಾರೆಯ ಗೋಡೆಗಳ ನಡುವೆ, ಕತ್ತಲಲ್ಲಿ, ಮುಂದಿನ ಮಳೆಯವರೆಗೂ ನಿಲ್ಲುತ್ತದೆ. ಬೆಳಕು ತಾಗದೆ ಪಾಚಿ ಕಟ್ಟುವುದಿಲ್ಲ, ಭದ್ರ ಮುಚ್ಚಳದಿಂದಾಗಿ ಸೊಳ್ಳೆ ಹುಟ್ಟುವುದಿಲ್ಲ. ಬಾವಿಯ ಗಡಸು ನೀರು ತೊಳೆಯಲು, ಬಳಿಯಲು. ಕುಡಿಯಲು ಮತ್ತು ಬೇಳೆ ಬೇಯಿಸಲು ಟಾಂಕಾದ ನೀರು. ತಾಮ್ರದ ಕೊಡಕ್ಕೆ ಹಗ್ಗ ಕಟ್ಟಿ ಸೇದುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪೇಟೆಗೆ ನಲ್ಲಿ ನೀರು ಬಂದ ಮೇಲೂ ಎಷ್ಟೋ ಮನೆಗಳು ಈ ಅಭ್ಯಾಸ ಬಿಡಲಿಲ್ಲ. ನೀರಿನ ಟ್ಯಾಂಕರಿಗಾಗಿ ಬೇಸಿಗೆಯಿಡೀ ಕಾಯುವ ನಮ್ಮ ನಗರಗಳ ಎಂಜಿನಿಯರುಗಳು ಈ ನಡಿಗೆಯಲ್ಲಿ ಬೇರೇನೂ ನೋಡದಿದ್ದರೂ ಇದನ್ನು ನೋಡಬೇಕು.

ಮುಂದಿನ ಹಾದಿ ಬೇಗ ಸಾಗುತ್ತದೆ. ರಿಲೀಫ್ ರಸ್ತೆಯಲ್ಲಿ ಗೌತಮ್ ಮತ್ತು ಗಿರಾ ಸಾರಾಭಾಯಿ ಕಟ್ಟಿಸಿದ ಕ್ಯಾಲಿಕೋ ಗುಮ್ಮಟದ ಜಾಗ. 1960ರ ದಶಕದಲ್ಲಿ ಗಿರಣಿಯ ಬಟ್ಟೆ ಮಾರಲು ಕಟ್ಟಿದ ಆ ಗುಮ್ಮಟ ಕುಸಿದುಹೋಯಿತು. ಹಾಜಾ ಪಟೇಲರ ಪೋಳ್‌ನಲ್ಲಿ ಕಪ್ಪುಕಲ್ಲಿನ, ಕುಳಿತ ಭಂಗಿಯ ರಾಮ. ಝವೇರಿವಾಡದ ಸುತ್ತ ಜೈನ ಬಸದಿಗಳು. ಅವು ಹೊರಗಿನಿಂದ ಪಕ್ಕದ ಮನೆಗಳಂತೆಯೇ ಕಾಣುತ್ತವೆ. ಬಾಗಿಲು ದಾಟಿದ ಮೇಲಷ್ಟೇ ಅಮೃತಶಿಲೆ ಬೆಳ್ಳಗೆ ಎದುರಾಗುತ್ತದೆ. ಆಮೇಲೆ ಹರಕುಂವರ್ ಶೇಠಾಣಿಯ ಹವೇಲಿ. ದೆಹಲಿ ದರವಾಜೆಯ ಹೊರಗೆ ಹಠೀಸಿಂಗ್ ಜೈನ ದೇವಾಲಯದ ಕೆಲಸ ನಡೆಯುತ್ತಿದ್ದಾಗಲೇ ಪತಿ ತೀರಿಕೊಂಡರು. 1848ರಲ್ಲಿ ಅದನ್ನು ಪೂರೈಸಿದವರು ಈಕೆ. ಹೆಣ್ಣುಮಕ್ಕಳ ಶಾಲೆಗೆ ಹಣ ಕೊಟ್ಟವರೂ ಹೌದು. ಅವರ ಹವೇಲಿಯ ಮುಂಭಾಗದ ಬೋದಿಗೆಗಳು ಇಡೀ ಹಾದಿಯಲ್ಲೇ ಅತಿ ದೊಡ್ಡವು.

ಫರ್ನಾಂಡಿಸ್ ಸೇತುವೆಯ ಕೆಳಗೆ ಪುಸ್ತಕದ ಅಂಗಡಿಗಳು, ಚಾಂದ್ಲಾ ಓಳ್‌ನಲ್ಲಿ ಕುಂಕುಮ, ಪೂಜಾ ಸಾಮಗ್ರಿ. ಊರಿನ ಮೊದಲ ಪೋಳ್ ಎನ್ನಿಸಿಕೊಂಡ ಮುಹೂರ್ತ ಪೋಳ್ ದಾಟಿದರೆ 1894ರಲ್ಲಿ ಸ್ಥಾಪನೆಯಾದ ಷೇರುಪೇಟೆಯ ಹಳೆ ಕಟ್ಟಡ, ಅದರ ಮುಂದೆ ಮಾಣೆಕ್ ಚೌಕ. ಇಲ್ಲಿ ಬೆಳಿಗ್ಗೆ ದನಗಳಿಗೆ ಹುಲ್ಲು ಮಾರುತ್ತಾರೆ, ಹಗಲು ಚಿನ್ನ ಬೆಳ್ಳಿಯ ವ್ಯಾಪಾರ, ಒಡವೆ ಅಂಗಡಿಗಳು ಮುಚ್ಚಿದ ಮೇಲೆ ಅದೇ ಜಾಗದಲ್ಲಿ ನಡುರಾತ್ರಿ ದಾಟುವವರೆಗೂ ತಿಂಡಿ. ರಾಣಿಯರ ಗೋರಿಗಳಿರುವ ರಾಣಿನೊ ಹಜೀರೊ ಸುತ್ತ ಹೆಂಗಸರ ಬಟ್ಟೆಯ ಸಂತೆ. ಅದರೆದುರು ಅಹಮದ್ ಶಾಹನ ಗೋರಿ. ಅಲ್ಲಿಂದ ಜಾಮಾ ಮಸೀದಿ: 1424ರಲ್ಲಿ ಮುಗಿದ ಕಟ್ಟಡ, 260 ಕಂಬ, 15 ಗುಮ್ಮಟ. ಮಿಹ್ರಾಬಿನ ಸುತ್ತ ಕೆತ್ತಿರುವ ಬಳ್ಳಿ, ಸರಪಳಿ, ಗಂಟೆಗಳು ಗುಜರಾತಿನ ದೇವಾಲಯ ಶಿಲ್ಪಿಗಳ ಕೈಯವು. ಎದುರಿನ ಎರಡು ಮಿನಾರುಗಳು 1819ರ ಕಚ್ಛ್ ಭೂಕಂಪದಲ್ಲಿ ಉರುಳಿ, ಬುಡ ಮಾತ್ರ ಉಳಿದಿದೆ.

2017ರ ಜುಲೈಯಲ್ಲಿ ಯುನೆಸ್ಕೊ ಅಹಮದಾಬಾದನ್ನು ವಿಶ್ವ ಪರಂಪರೆಯ ನಗರವೆಂದು ಸಾರಿತು. ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ನಗರ ಇದೇ. ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಬೆಳಬೆಳಿಗ್ಗೆ ನಾಲ್ಕಾರು ಜನರನ್ನು ಕರೆದುಕೊಂಡು ಓಣಿ ಸುತ್ತಿದ ನಡಿಗೆಯ ಪಾಲು ಅದರಲ್ಲಿ ಸಣ್ಣದಲ್ಲ. ತಮ್ಮ ಮನೆಯ ಕಂಬವನ್ನು ಪರದೇಶದವರು ನಿಂತು ನೋಡುವುದನ್ನು ಕಂಡ ಮೇಲೆ ಅದನ್ನು ಕೀಳಿಸಲು ಮನಸ್ಸಾಗದವರು ಕೇರಿಗಳಲ್ಲಿ ಇದ್ದರು. ಪಾಲಿಕೆಯೂ ಪಾರಂಪರಿಕ ಮನೆಗಳ ಪಟ್ಟಿ ಮಾಡಿತು, ಕೆಡವಲು ಅನುಮತಿ ಕಡ್ಡಾಯ ಮಾಡಿತು. ಮನೆ ಉಳಿಸಿಕೊಂಡವರು ತಾವು ಬಳಸದ ಕಟ್ಟಡ ಹಕ್ಕನ್ನು ಬೇರೆಡೆಯ ಕಟ್ಟಡದವರಿಗೆ ಮಾರಿ, ಆ ಹಣದಲ್ಲಿ ದುರಸ್ತಿ ಮಾಡಿಸಿಕೊಳ್ಳಬಹುದೆಂಬ ನಿಯಮವೂ ಬಂತು. ಖಾಡಿಯಾದ ಮಂಗಳದಾಸರ ಹವೇಲಿಯಂಥ ಕೆಲವು ದುರಸ್ತಿಗೊಂಡು ಹೊಸ ಬಳಕೆಗೆ ಬಂದಿವೆ.

ಇಷ್ಟಾದರೂ ಮನೆಗಳು ಕರಗುತ್ತಿವೆ. ಕಾರು ನುಗ್ಗದ ಓಣಿ, ಕಡಿದಾದ ಮರದ ಏಣಿಮೆಟ್ಟಿಲು ಬೇಡವೆನಿಸಿ ಎಳೆಯರು ಸಾಬರಮತಿಯ ಪಶ್ಚಿಮ ದಂಡೆಗೆ ಹೋಗುತ್ತಾರೆ. ಒಂದೇ ಮನೆಗೆ ಹತ್ತಾರು ಹಕ್ಕುದಾರರಿದ್ದರೆ ಸೋರುವ ಮಾಡನ್ನು ಯಾರೂ ಮುಟ್ಟುವುದಿಲ್ಲ. ಖಾಲಿಯಾದ ಮನೆ ಗೋದಾಮಾಗುತ್ತದೆ. ಕೆತ್ತಿದ ಬಾಗಿಲು, ಬೋದಿಗೆಗಳು ಹಳೆ ಸಾಮಾನಿನ ವ್ಯಾಪಾರಿಗಳ ಕೈ ಸೇರಿ ದೂರದ ಹೋಟೆಲು, ಬಂಗಲೆಗಳ ಅಲಂಕಾರವಾಗುತ್ತವೆ. ನೆಲ ಅಗೆದು ಕಾಂಕ್ರೀಟಿನ ತಳಪಾಯ ಹಾಕುವಾಗ ಟಾಂಕಾಕ್ಕೆ ಕಲ್ಲುಮಣ್ಣು ತುಂಬುತ್ತಾರೆ. ಸುಣ್ಣದ ಗಾರೆ ಅರೆಯಲು, ತೇಗದ ತೊಲೆಗೆ ಹೊಸ ತುಂಡು ಕೂಡಿಸಲು ಬಲ್ಲ ಕೆಲಸಗಾರರಿಗೆ ವರ್ಷವಿಡೀ ಕೆಲಸ ಸಿಕ್ಕುವುದಿಲ್ಲ. ಸಿಕ್ಕದಿದ್ದರೆ ಅವರ ಮಕ್ಕಳು ಆ ಕಸುಬಿಗೆ ಬರುವುದಿಲ್ಲ. ಜನವರಿಯ ಉತ್ತರಾಯಣಕ್ಕೆ ಮಾತ್ರ ಊರು ಬಿಟ್ಟವರೆಲ್ಲ ಹಳೆ ಮನೆಗೆ ಬರುತ್ತಾರೆ. ಎರಡು ದಿನ ಎಲ್ಲ ಮಾಡುಗಳ ಮೇಲೂ ಗಾಳಿಪಟದವರು ತುಂಬಿರುತ್ತಾರೆ, ಜಾಗಕ್ಕೆ ಬಾಡಿಗೆ ಕೊಟ್ಟು ಹತ್ತುವ ಹೊರಗಿನವರೂ ಇರುತ್ತಾರೆ. ಆ ಬಾಡಿಗೆ ಹಂಚು ಬದಲಿಸುವ ಖರ್ಚಿಗೂ ಸಾಲದು.